ಗುಂಡುತೋಪಿಗೆ 'ಎಸ್' ಅಂಟಿಸಿದರೆ...

ಸಂಶೋಧನೆಯನ್ನ ಕಾಮಿಕ್ಸ್ ಮಾಡಿ ಹೇಳೋದು ಅಂದ್ರೆ ನಮ್ಮ ವಿದ್ವಾಂಸರಿಗೆ ಇನ್ನೂ ಒಂಥರಾ ತಾತ್ಸಾರ. ಪೇಪರು ದೊಡ್ಡವರಿಗೆ, ಚಿತ್ರ ಮಕ್ಕಳಿಗೆ ಅನ್ನೋ ಲೆಕ್ಕ. ನನಗಂತೂ ಈ ಲೆಕ್ಕ ಒಪ್ಪಿಗೆಯಿಲ್ಲ. ಕೆಲವನ್ನ ಚಿತ್ರ ಬರೆಯದೆ ಹೇಳೋಕೇ ಆಗಲ್ಲ.

ನಮ್ಮ ಸಿಂಗಸಂದ್ರಕ್ಕೆ ಹತ್ತಿರದ ಉದಾಹರಣೆಯನ್ನೇ ಕೊಡ್ತೀನಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇಲ್ಲೇ ಎಲೆಕ್ಟ್ರಾನಿಕ್ ಸಿಟಿ ಪಕ್ಕ ಇದ್ದ ಕಾಲದಲ್ಲಿ (ಈಗ ಸರ್ಜಾಪುರದ ಕಡೆ ಹೋಗಿದೆ) ಹರಿಣಿ ನಾಗೇಂದ್ರ, ಸೀಮಾ ಮುಂಡೋಲಿ ಮತ್ತವರ ತಂಡ ಬೆಂಗಳೂರಿನ ಅಂಚಿನ ಹಳ್ಳಿಗಳ ಗುಂಡುತೋಪುಗಳನ್ನ ಅಧ್ಯಯನ ಮಾಡಿದರು. ಊರವರೇ ಬೆಳೆಸಿದ ಮಾವು, ಹಲಸು, ಹುಣಸೆ, ನೇರಳೆ ಮರಗಳ ಗುಂಪು. ಯಾರ ಸ್ವಂತದ್ದೂ ಅಲ್ಲ, ಎಲ್ಲರದ್ದೂ. ಜರ್ನಲ್ ಲೇಖನಗಳ ಜೊತೆಗೆ ಅವರು ಒಂದು ಚಿತ್ರಪುಸ್ತಕವನ್ನೂ ತಂದರು: 'ವೇರ್ ಹ್ಯಾವ್ ಆಲ್ ಅವರ್ ಗುಂಡ ತೋಪ್ಸ್ ಗಾನ್?'

ಚಿತ್ರ ಯಾಕೆ ಬೇಕಿತ್ತು ಅಂದ್ರೆ, ಎಷ್ಟೋ ತೋಪುಗಳು ಈಗ ಇಲ್ಲ. ಇಲ್ಲದ್ದರ ಫೋಟೋ ತೆಗೆಯೋಕಾಗತ್ತಾ? 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮೆಟ್ರೋದಲ್ಲಿ ಕೂತು ಹೊಸೂರು ರಸ್ತೆಯ ಎರಡೂ ಕಡೆ ನೋಡಿ. ಅಪಾರ್ಟ್‌ಮೆಂಟು, ಶೆಡ್ಡು, ಪಿ.ಜಿ.ಗಳು. ಯಾರಾದರೂ ಅಜ್ಜ "ಇಲ್ಲೊಂದು ತೋಪಿತ್ತು ಕಣಪ್ಪಾ" ಅಂದರೆ ಅದನ್ನ ತೋರಿಸೋಕೆ ಇರೋದು ಪೆನ್ಸಿಲ್ ಒಂದೇ.

ಅಪಾಯವೂ ಅಲ್ಲೇ ಇದೆ ಅನ್ನಿ. ಪೇಪರಿನಲ್ಲಿ "ಇದ್ದಿರಬಹುದು" ಅಂತ ಬರೆದು ಪಾರಾಗಬಹುದು. ಚಿತ್ರದಲ್ಲಿ ಮರ ಬರೆದರೆ ಮರ ಇತ್ತು ಅಂತಲೇ ಅರ್ಥ. ಅಜ್ಜನ ನೆನಪು ಯಾವುದು, ಸರ್ವೆ ನಕ್ಷೆಯಲ್ಲಿ ಸಿಕ್ಕಿದ್ದು ಯಾವುದು ಅನ್ನೋದು ಗೆರೆಯಲ್ಲೇ ಗೊತ್ತಾಗಬೇಕು. ನೆನಪಿನ ಮರಕ್ಕೆ ಚುಕ್ಕೆ ಗೆರೆ, ನಕ್ಷೆಯ ಮರಕ್ಕೆ ತುಂಬು ಗೆರೆ... ಹೀಗೇನಾದ್ರೂ.

ಆದರೆ ನನ್ನ ತಕರಾರು ಬೇರೆ. ಆ ಶೀರ್ಷಿಕೆ ಇನ್ನೊಮ್ಮೆ ಓದಿ. ಇಂಗ್ಲಿಷಿನಲ್ಲಿ ಅದಕ್ಕೆ ಪದವೇ ಸಿಗದೆ ನಮ್ಮ ಪದಕ್ಕೇ ಬಹುವಚನದ 'ಎಸ್' ಅಂಟಿಸಿದ್ದಾರೆ :) ಮಾಹಿತಿ ಕೊಟ್ಟಿದ್ದು ಹಳ್ಳಿಯವರು, ಪದ ಕೊಟ್ಟಿದ್ದೂ ಅವರೇ. ಅಂಥ ಪುಸ್ತಕ ಮೊದಲು ಹುಟ್ಟಬೇಕಾದ್ದು ಯಾವ ಭಾಷೆಯಲ್ಲಿ?

"ಆಮೇಲೆ ಕನ್ನಡಕ್ಕೆ ಅನುವಾದ ಮಾಡಿದರಾಯ್ತು" ಅಂತೀರೇನೋ. ಕಾಮಿಕ್ಸಿನಲ್ಲಿ ಅದು ಅಷ್ಟು ಸುಲಭ ಅಲ್ಲ. ಇಂಗ್ಲಿಷ್ ಮಾತಿಗೆ ಅಳತೆ ಮಾಡಿದ ಬಲೂನಿನೊಳಗೆ ಕನ್ನಡದ ಉದ್ದುದ್ದ ಪದ ಹಿಡಿಸಲ್ಲ, ಒತ್ತಕ್ಷರ ಕೆಳಗಿನ ಸಾಲಿಗೆ ಗುದ್ದತ್ತೆ. ಅಕ್ಷರ ಸಣ್ಣದು ಮಾಡಿದರೆ ಅಜ್ಜನಿಗೆ ಕಾಣಲ್ಲ. ಇದೇನು ಹೊಸ ಕಥೆಯಲ್ಲ. ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆ 1960ರ ದಶಕದಲ್ಲಿ ಬಂದದ್ದು ಕನ್ನಡದಲ್ಲೇ, ಆದರೆ ಅವು ಪಾಶ್ಚಾತ್ಯ ಕಥೆಗಳ ಅನುವಾದ. ಇಲ್ಲಿಯದೇ ಆದ 'ಕೃಷ್ಣ' ಬಂದದ್ದು ಹನ್ನೊಂದನೆಯದಾಗಿ.

ಇನ್ನೊಂದು ದಾರಿಯೂ ನಮ್ಮಲ್ಲಿತ್ತು. ಬಿ.ಜಿ.ಎಲ್. ಸ್ವಾಮಿ ಹಾರ್ವರ್ಡಿನಲ್ಲಿ ಬೈಲಿಯವರ ಜೊತೆ ಕೆಲಸ ಮಾಡಿದ ಸಸ್ಯವಿಜ್ಞಾನಿ. ಅವರು 'ಹಸುರು ಹೊನ್ನು' ಬರೆದಾಗ ಮಾತೂ ಅವರದ್ದೇ, ಚಿತ್ರವೂ ಅವರದ್ದೇ. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಲೆ, ಹೂವಿನ ವಿವರವೂ ವಿದ್ಯಾರ್ಥಿಗಳ ತರಲೆಯೂ ಅದರಲ್ಲಿ ಒಟ್ಟಿಗೇ ಇವೆ. ಅದರಿಂದ ವಿಜ್ಞಾನಕ್ಕೇನೂ ಮುಕ್ಕಾಗಲಿಲ್ಲ. ಎಲ್ಲ ವಿಜ್ಞಾನಿಗೂ ಚಿತ್ರ ಬರೆಯೋಕೆ ಬರಲ್ಲ, ಸರಿ. ಹಳ್ಳಿಗೆ ಮಾಹಿತಿ ಕೇಳೋಕೆ ಹೋಗೋ ಮೊದಲ ದಿನವೇ ಕನ್ನಡ ಬಲ್ಲ ಚಿತ್ರಕಾರರೊಬ್ಬರನ್ನ ಜೊತೆಗೆ ಕರಕೊಂಡು ಹೋಗಬಹುದಲ್ಲ? ಕರಡು ಚಿತ್ರವನ್ನ ಅದೇ ಅಜ್ಜನಿಗೆ ತೋರಿಸಿದರೆ, "ಹುಣಸೆ ಆ ಕಡೆ ಅಲ್ಲಪ್ಪಾ, ಈ ಕಡೆ" ಅಂತ ತಿದ್ದಿಯಾನು. ಜರ್ನಲ್ಲಿನ ಪರಿಶೀಲಕರಿಗೆ ಅದು ಸಾಧ್ಯವಾ?

ನಿಮ್ಮೂರಲ್ಲಿ ಗುಂಡುತೋಪು ಉಳಿದಿದೆಯಾ? ಅದಕ್ಕೆ ನಿಮ್ಮ ಕಡೆ ಏನಂತಾರೆ?