ವರನಿಗೆ ಪ್ಲಾಟಿನಂ, ಮಗಳಿಗೇನು?

ಜಗಳೂರು ಕಡೆಯ ಒಂದು ಸ್ವಸಹಾಯ ಸಂಘದ ಸಭೆಗೆ ಹೋಗಿದ್ದೆ. ವಾರದ ಉಳಿತಾಯದ ಲೆಕ್ಕ ಮುಗಿದು ಸಾಲದ ಅರ್ಜಿಗಳ ಸರದಿ ಬಂತು. ಒಬ್ಬ ಸದಸ್ಯೆ ಮಗಳ ಮದುವೆಗೆಂದು ನಲವತ್ತು ಸಾವಿರ ಕೇಳಿದರು. ಯಾವ ಖರ್ಚಿಗೆ ಎಂದು ಕೇಳಿದಾಗ ತಲೆ ತಗ್ಗಿಸಿ, "ಗಂಡಿಗೆ ಪ್ಲಾಟಿನಂ ಚೈನು, ಉಂಗುರ" ಎಂದರು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ನಾವು ವರದಕ್ಷಿಣೆ ತಗೊಳ್ಳೋ ಜನ ಅಲ್ಲ" ಎಂದು ಅವರ ಮನೆಯವರು ಮೊದಲ ದಿನವೇ ಹೇಳಿದ್ದರಂತೆ. ಎರಡನೆಯ ಸಲ ಬಂದಾಗ, "ಅವನಿಗೆ ಚಿನ್ನ ಇಷ್ಟ ಇಲ್ಲ, ಪ್ಲಾಟಿನಂ ಹಾಕಿದರೆ ಸಾಕು" ಎಂದರಂತೆ.

ಸಂಘದಲ್ಲಿ ಎರಡು ಅಭಿಪ್ರಾಯ ಬಂತು. ಸಾಲ ಕೊಡಬಾರದು ಎಂದರು ಕೆಲವರು. ಕೊಡದಿದ್ದರೆ ಅವಳು ಬಡ್ಡಿಯವರ ಬಾಗಿಲಿಗೆ ಹೋಗುತ್ತಾಳೆ ಎಂದರು ಉಳಿದವರು. ಎರಡೂ ನಿಜವೇ. ಆದ್ದರಿಂದಲೇ ಈ ಬಿಳಿ ಲೋಹದ ವಿಷಯವನ್ನು ನಾವು ಸ್ವಲ್ಪ ಕೂತು ಯೋಚಿಸಬೇಕಾಗಿದೆ.

ಮೊದಲು, ಪ್ಲಾಟಿನಂ ಎಂದರೇನು? ಅದು ಬೆಳ್ಳಿಯಲ್ಲ, ಬಿಳಿ ಚಿನ್ನವೂ ಅಲ್ಲ. ಬಿಳಿ ಚಿನ್ನ ಎಂದರೆ ಬೇರೆ ಲೋಹ ಬೆರೆಸಿ ಬಿಳುಪು ಮಾಡಿದ ಚಿನ್ನ. ಪ್ಲಾಟಿನಂ ತಾನೇ ಒಂದು ಲೋಹ. ಒಡವೆಗೆ ಬಳಸುವುದರಲ್ಲಿ ಸಾಮಾನ್ಯವಾಗಿ ನೂರಕ್ಕೆ 95 ಭಾಗ ಪ್ಲಾಟಿನಂ ಇರುತ್ತದೆ, ಅದಕ್ಕೆ ಪಿಟಿ 950 ಎಂಬ ಗುರುತು ಹಾಕುತ್ತಾರೆ. ಬಣ್ಣ ಮಾಸುವುದಿಲ್ಲ, ಬೇಗ ಸವೆಯುವುದಿಲ್ಲ, ಚಿನ್ನಕ್ಕಿಂತ ತೂಕ ಹೆಚ್ಚು. ಚಿನ್ನ ಕರಗಲು 1064 ಡಿಗ್ರಿ ಶಾಖ ಸಾಕು. ಪ್ಲಾಟಿನಂಗೆ 1768 ಡಿಗ್ರಿ ಬೇಕು. ಹೊನ್ನಾಳಿಯಲ್ಲೋ ಚನ್ನಗಿರಿಯಲ್ಲೋ ಕುಲುಮೆ ಊದಿ ಬೆಂಡೋಲೆ, ಗುಂಡಿನ ಸರ ಮಾಡಿಕೊಡುವ ನಮ್ಮ ಅಕ್ಕಸಾಲಿಗರ ಕೈಗೆ ಅದು ಬಗ್ಗುವುದಿಲ್ಲ. ಕಡಿದರೆ ಬೆಸೆಯಲು, ಬಿಗಿಯಾದರೆ ಸಡಿಲಿಸಲು ದೊಡ್ಡ ಊರಿನ ಅಂಗಡಿಗೇ ಹೋಗಬೇಕು. ಮಜೂರಿಯೂ ಹೆಚ್ಚು.

ಬೆಲೆಯ ಕಥೆ ಇನ್ನೂ ವಿಚಿತ್ರ. ಒಂದು ಕಾಲದಲ್ಲಿ ಅದು ಚಿನ್ನಕ್ಕಿಂತ ದುಬಾರಿ. 2008ರ ಮಾರ್ಚ್‌ನಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಔನ್ಸಿಗೆ 2,200 ಡಾಲರ್ ಮುಟ್ಟಿದ್ದು, ಅದೇ ವರ್ಷದ ಕೊನೆಗೆ ಸಾವಿರಕ್ಕಿಂತ ಕೆಳಗೆ ಬಿತ್ತು. 2015ರಿಂದೀಚೆಗೆ ಅದು ಚಿನ್ನಕ್ಕಿಂತ ಅಗ್ಗ. ವಾಹನಗಳ ಹೊಗೆ ಶುದ್ಧ ಮಾಡುವ ಸಾಧನಕ್ಕೆ ಅದು ಬೇಕಾದ್ದರಿಂದ, ಅದರ ಬೆಲೆ ವಾಹನದ ಕಾರ್ಖಾನೆಗಳ ಏಳುಬೀಳಿನ ಜೊತೆ ಏರಿಳಿಯುತ್ತದೆ.

ಹಾಗಾದರೆ ಯಾರೂ ಕೊಳ್ಳಬಾರದೇ? ನಾನು ಹಾಗೆ ಹೇಳುವುದಿಲ್ಲ. ಚನ್ನಗಿರಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಸಂಬಳದಲ್ಲಿ ಒಂದು ಪ್ಲಾಟಿನಂ ಉಂಗುರ ಕೊಂಡು ಹಾಕಿಕೊಂಡಿದ್ದಾಳೆ. ನೋಡಿ ನನಗೆ ಸಂತೋಷವೇ ಆಯಿತು. ತನ್ನ ದುಡಿಮೆಯ ಹಣ, ತನ್ನ ಬೆರಳು, ತನ್ನ ಇಷ್ಟ. ಅದು ಆಯ್ಕೆ. ಆದರೆ ಜಗಳೂರಿನ ತಾಯಿ ಸಾಲ ಮಾಡಿ ಕೊಡಬೇಕಾಗಿರುವುದು ಆಯ್ಕೆಯಲ್ಲ, ಅದು ಬೇಡಿಕೆ. ಹೆಸರಿನಲ್ಲಿ ಮಾತ್ರ ಉಡುಗೊರೆ.

1961ರ ವರದಕ್ಷಿಣೆ ನಿಷೇಧ ಕಾಯಿದೆ ಚಿನ್ನ, ಬೆಳ್ಳಿ, ಪ್ಲಾಟಿನಂ ಎಂದು ಲೋಹ ಎಣಿಸುವುದಿಲ್ಲ. ಮದುವೆಗೆ ಸಂಬಂಧಿಸಿ ಒಂದು ಕಡೆಯವರು ಇನ್ನೊಂದು ಕಡೆಯವರಿಗೆ ನೇರವಾಗಿ ಅಥವಾ ಪರೋಕ್ಷವಾಗಿ ಕೊಟ್ಟ ಯಾವುದೇ ಸ್ವತ್ತು, ಬೆಲೆಬಾಳುವ ವಸ್ತು ವರದಕ್ಷಿಣೆಯೇ. ಕೊಡುವುದು, ತೆಗೆದುಕೊಳ್ಳುವುದು ಎರಡಕ್ಕೂ ಕನಿಷ್ಠ ಐದು ವರ್ಷ ಸೆರೆ. ಬರೀ ಕೇಳಿದ್ದಕ್ಕೇ ಆರು ತಿಂಗಳಿಂದ ಎರಡು ವರ್ಷ. ಕೇಳದೆ, ಪದ್ಧತಿಯಂತೆ, ಶಕ್ತಿಗೆ ಮೀರದೆ ಕೊಟ್ಟ ಉಡುಗೊರೆಗೆ ವಿನಾಯಿತಿ ಇದೆ, ಆದರೆ ಅದನ್ನು ಪಟ್ಟಿ ಮಾಡಿ ಬರೆದಿಡಬೇಕು. "ಕೊಟ್ಟವರಿಗೂ ಶಿಕ್ಷೆಯಲ್ಲವೇ, ದೂರು ಹೇಗೆ ಕೊಡುವುದು" ಎಂದು ಅಂಜುವ ತಾಯಂದಿರಿಗೆ ಒಂದು ಮಾತು: ನೊಂದವರು ಕೊಟ್ಟ ಹೇಳಿಕೆಯಿಂದಾಗಿ ಅವರ ಮೇಲೆಯೇ ಆ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಅದೇ ಕಾಯಿದೆ ಹೇಳುತ್ತದೆ.

ಬೇರೆಯವರಿಗೆ ಹೇಳುವ ಮುಂಚೆ ನನ್ನದೂ ಹೇಳಬೇಕು. ನನ್ನ ಮದುವೆಯಲ್ಲಿ ವರೋಪಚಾರವೆಂದು ಸೂಟು, ಕೈಗಡಿಯಾರ, ಉಂಗುರ ಕೊಟ್ಟರು. ಅಪ್ಪ ಅದಕ್ಕೆ ಎರಡು ಎತ್ತು ಮಾರಿದ್ದು ನನಗೆ ಗೊತ್ತಿತ್ತು. ಎಂ.ಎ. ಮುಗಿಸಿದ್ದ ನಾನು ಬಾಯಿ ತೆರೆಯಲಿಲ್ಲ. ಆ ಮೌನಕ್ಕೆ ಇಂದಿಗೂ ನನ್ನಲ್ಲಿ ಸಮಜಾಯಿಷಿ ಇಲ್ಲ. ಅಂದು ಗಡಿಯಾರ, ಆಮೇಲೆ ಬೈಕು, ಇಂದು ಪ್ಲಾಟಿನಂ. ಹೆಸರು ಬದಲಾಗಿದೆ, ಕೈ ಚಾಚುವುದು ಬದಲಾಗಿಲ್ಲ.

ಇನ್ನು ಮಗಳ ಒಡವೆಯ ಮಾತು. ಒಡವೆ ನಮಗೆ ಬರೀ ಅಲಂಕಾರವಲ್ಲ. ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜಕ್ಕೆ, ಗೊಬ್ಬರಕ್ಕೆ, ಮಕ್ಕಳ ಫೀಸಿಗೆ ಕಿವಿಯ ಓಲೆಯೇ ಬ್ಯಾಂಕಿಗೆ ಹೋಗುತ್ತದೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಳ್ಳತನವಾಗಿ 17 ಕಿಲೋಗೂ ಹೆಚ್ಚು ಅಡವಿಟ್ಟ ಚಿನ್ನ ಹೋಯಿತು. 2025ರ ಮಾರ್ಚ್‌ನಲ್ಲಿ ಪೊಲೀಸರು ಅದರಲ್ಲಿ ಬಹುಪಾಲನ್ನು ತಮಿಳುನಾಡಿನ ಮಧುರೈ ಜಿಲ್ಲೆಯ ಒಂದು ಬಾವಿಯಿಂದ ಹೊರತೆಗೆದರು. ಒಂದು ಸಣ್ಣ ಊರಿನ ಒಂದೇ ಶಾಖೆಯಲ್ಲಿ ಅಷ್ಟು ಚಿನ್ನ ಅಡವಿತ್ತು ಎಂದರೆ, ನಮ್ಮ ಕಡೆಯ ಬೇಸಾಯ, ಸಂಸಾರ ಯಾರ ಕೊರಳಿನ ಮೇಲೆ ನಡೆಯುತ್ತಿದೆ ಎಂದು ಲೆಕ್ಕ ಹಾಕಿ. ಪ್ಲಾಟಿನಂ ಈ ಕೆಲಸಕ್ಕೆ ಬಾರದು. ಒಡವೆ ಸಾಲದ ಬಗ್ಗೆ ರಿಸರ್ವ್ ಬ್ಯಾಂಕು 2025ರಲ್ಲಿ ಹೊರಡಿಸಿದ ನಿಯಮಗಳು ಚಿನ್ನ ಮತ್ತು ಬೆಳ್ಳಿಗೆ ಸಂಬಂಧಿಸಿದವು. 2021ರ ಜೂನ್‌ನಿಂದ ಹಂತಹಂತವಾಗಿ ಜಾರಿಗೆ ಬಂದ ಕಡ್ಡಾಯ ಹಾಲ್‌ಮಾರ್ಕ್ ಕೂಡ ಚಿನ್ನಕ್ಕೆ. ಕಷ್ಟಕ್ಕೆ ಆಗಲಿ ಎಂದು ಮಗಳಿಗೆ ಏನಾದರೂ ಕೊಡುವುದಾದರೆ ಈ ವ್ಯತ್ಯಾಸ ತಿಳಿದಿರಲಿ.

ಯಾವ ಲೋಹವೇ ಆಗಲಿ, ರಸೀದಿ ಮಗಳ ಹೆಸರಿನಲ್ಲಿರಲಿ. ಅದರಲ್ಲಿ ತೂಕ, ಶುದ್ಧತೆ, ಮಜೂರಿ ಬೇರೆಬೇರೆ ಬರೆದಿರಲಿ. ಪ್ಲಾಟಿನಂ ಆದರೆ ವಾಪಸು ಕೊಳ್ಳುವ ಷರತ್ತೂ ಬರಹದಲ್ಲಿರಲಿ. ಫೋಟೋ ತೆಗೆದು ತವರಿನಲ್ಲೂ ಒಂದು ಪ್ರತಿ ಇಡಿ. ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿತು, 2024ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಡಿ ಅದನ್ನು ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ಆದರೆ ಕೈಯಲ್ಲಿ ಕಾಗದವಿಲ್ಲದ ಹೆಣ್ಣಿಗೆ ನ್ಯಾಯಾಲಯದ ದಾರಿ ಬಹಳ ಉದ್ದ.

ಜಾಹೀರಾತಿನಲ್ಲಿ ಪ್ಲಾಟಿನಂ ಎಂದರೆ ಪ್ರೀತಿಯ ಗುರುತು. ಅದು ಹೆಚ್ಚಾಗಿ ಬರುವುದು ದಕ್ಷಿಣ ಆಫ್ರಿಕಾದ ಗಣಿಗಳಿಂದ. 2012ರ ಆಗಸ್ಟ್ 16ರಂದು ಅಲ್ಲಿನ ಮರಿಕಾನಾದಲ್ಲಿ ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದ್ದ 34 ಪ್ಲಾಟಿನಂ ಗಣಿ ಕಾರ್ಮಿಕರನ್ನು ಪೊಲೀಸರು ಗುಂಡಿಟ್ಟು ಕೊಂದರು. ವಿಧವೆಯರಾದವರು ನಮ್ಮಂಥ ಹೆಂಗಸರೇ.

ಕೊನೆಯದಾಗಿ, ನಾವು ಕೇಳಲು ಮರೆತಿರುವ ಪ್ರಶ್ನೆ. ಚಿನ್ನವೋ ಪ್ಲಾಟಿನಂ ಒಡವೆಯೋ ಎಂದು ಮಗಳನ್ನು ಕೇಳುವ ಚನ್ನಗಿರಿಯ ಅಪ್ಪ, ಅಡಿಕೆ ತೋಟದಲ್ಲಿ ನಿನಗೆಷ್ಟು ಗುಂಟೆ ಎಂದು ಕೇಳುತ್ತಾನೆಯೇ? ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದು ಕರ್ನಾಟಕ 1994ರಲ್ಲೇ ಕಾಯಿದೆ ಮಾಡಿತು, 2005ರಲ್ಲಿ ಕೇಂದ್ರವೂ ಮಾಡಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಒಡವೆ ಹಾಕಿ ಕಳಿಸಿದೆವು ಎಂದು ಹೇಳಿ ತೋಟವನ್ನು ಮಗನಿಗಷ್ಟೇ ಬರೆಯುವ ಮನೆಗಳಲ್ಲಿ, ಆ ಒಡವೆ ಮಗಳ ಬಾಯಿ ಮುಚ್ಚಿಸುವ ಬೀಗವೇ ಸರಿ.

ಜಗಳೂರಿನ ಸಂಘಕ್ಕೆ ನಾನು ಹೇಳಿದ್ದು ಇಷ್ಟು. ಗಂಡಿನ ಒಡವೆಗೆ ಸಂಘದ ಹಣ ಬೇಡ. ನಿಮ್ಮ ಹತ್ತು ರೂಪಾಯಿಯ ಉಳಿತಾಯ ವರದಕ್ಷಿಣೆಗೆ ಸಾಲವಾಗಬಾರದು. ಆದರೆ ಇಲ್ಲ ಎಂದು ಹೇಳಿ ಅವರನ್ನು ಒಂಟಿಯಾಗಿ ಬಿಡಲೂಬೇಡಿ. ಐದಾರು ಜನ ಸದಸ್ಯೆಯರು ಆ ತಾಯಿಯ ಜೊತೆ ಗಂಡಿನ ಮನೆಗೆ ಹೋಗಿ, ನಮ್ಮ ಹುಡುಗಿಯನ್ನು ಕೊಡುತ್ತೇವೆ, ಪ್ಲಾಟಿನಂ ಕೊಡುವುದಿಲ್ಲ ಎಂದು ಹೇಳಿ ಬನ್ನಿ. ಮುಂಚೆ ಹುಡುಗಿಯನ್ನೂ ಕೇಳಿ, ಆ ಮನೆ ಅವಳಿಗೆ ಬೇಕೋ ಬೇಡವೋ ಎಂದು. ಸಂಬಂಧ ಮುರಿದರೆ? ಚೈನು ಸಿಗದೆ ಮುರಿಯುವ ಸಂಬಂಧ, ಚೈನು ಸಿಕ್ಕ ಮೇಲೆ ಇನ್ನೊಂದನ್ನು ಕೇಳದೆ ಇರುವುದಿಲ್ಲ. ಮದುವೆಗೆ ಮುಂಚೆ ಮುರಿದರೆ ಹುಡುಗಿ ನಮ್ಮ ಕಣ್ಣೆದುರು ಜೀವಂತವಾಗಿರುತ್ತಾಳೆ.