ನೊಗ ಸಮವಾಗಿರಲಿ, ಹೊಣೆಗೆ ಎಲ್ಲೆಯಿರಲಿ
ಪಾಲುದಾರಿಕೆಯ ಸ್ವರೂಪದ ಆಯ್ಕೆ: ಕ್ರೈಸ್ತ ದೃಷ್ಟಿಯಿಂದ ಒಂದು ವಿವೇಚನೆ

ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಘಟಕವಿರಲಿ, ನೆಲಮಂಗಲದ ಬಿಡಿಭಾಗಗಳ ವರ್ಕ್‌ಶಾಪ್ ಇರಲಿ, ಹೊಸಕೋಟೆಯ ಗೋದಾಮಿರಲಿ, 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ದೇವನಹಳ್ಳಿಯ ಸುತ್ತ ತಲೆಯೆತ್ತಿದ ಸಾರಿಗೆ ಉದ್ಯಮವಿರಲಿ, ಇಬ್ಬರು ಮೂವರು ಸೇರಿ ಬಂಡವಾಳ ಹೂಡಿ ವ್ಯವಹಾರ ಆರಂಭಿಸುವುದು ವಾಡಿಕೆಯ ಸಂಗತಿ. ಯಾರೊಡನೆ ಸೇರಬೇಕೆಂಬ ಪ್ರಶ್ನೆಗೆ ಉದ್ಯಮಿಗಳು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಯಾವ ಕಾನೂನು ಸ್ವರೂಪದಲ್ಲಿ ಸೇರಬೇಕೆಂಬ ಪ್ರಶ್ನೆಯನ್ನು ಮಾತ್ರ ಆಡಿಟರ ಮೇಜಿನ ಮೇಲಿಟ್ಟು ಸಹಿ ಹಾಕಿ ಹೊರಡುತ್ತಾರೆ. ಕ್ರೈಸ್ತ ಉದ್ಯಮಿಗಳಲ್ಲಿಯೂ ಇದೇ ರೂಢಿಯಿದೆ. ಆದರೆ ಅವರು ನಂಬುವ ಧರ್ಮಗ್ರಂಥವು ಈ ಎರಡನೆಯ ಪ್ರಶ್ನೆಯ ಬಗೆಗೂ ಮೌನವಾಗಿಲ್ಲ.

ಎರಡು ಎಚ್ಚರಿಕೆಗಳು

ಪಾಲುದಾರಿಕೆಯ ಮಾತು ಬಂದಾಗ ಕ್ರೈಸ್ತ ವಲಯದಲ್ಲಿ ಮೊದಲು ಉಲ್ಲೇಖವಾಗುವುದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಆರನೆಯ ಅಧ್ಯಾಯ. ನಂಬಿಕೆಯಿಲ್ಲದವರೊಡನೆ ಅಸಮ ನೊಗಕ್ಕೆ ಹೆಗಲು ಕೊಡಬಾರದೆಂಬುದು ಅಲ್ಲಿನ ಬೋಧೆ. ಎತ್ತನ್ನೂ ಕತ್ತೆಯನ್ನೂ ಒಂದೇ ನೇಗಿಲಿಗೆ ಹೂಡಬಾರದೆಂಬ ಧರ್ಮೋಪದೇಶಕಾಂಡದ ವಿಧಿ ಇದರ ಹಿನ್ನೆಲೆಯಲ್ಲಿದೆ. ಆ ಅಧ್ಯಾಯದ ನೇರ ಸಂದರ್ಭ ಆರಾಧನೆಯದೇ ಹೊರತು ವ್ಯಾಪಾರದ್ದಲ್ಲ. ಆದರೂ ಒಂದೇ ನೊಗದಡಿ ಇರುವವರು ಒಂದೇ ದಿಕ್ಕಿಗೆ ನಡೆಯಬೇಕೆಂಬ ತತ್ವ ಉದ್ಯಮಕ್ಕೂ ಸಲ್ಲುತ್ತದೆ. ಲೆಕ್ಕಪುಸ್ತಕ ಒಂದೇ ಇರಬೇಕೇ, ಎರಡಿರಬಹುದೇ? ಕೂಲಿಯನ್ನು ವಾರದ ಕೊನೆಯಲ್ಲಿ ಕೊಡಬೇಕೇ, ವಸೂಲಿಯಾದ ಮೇಲೆ ಕೊಡಬೇಕೇ? ಪರವಾನಗಿಗಾಗಿ ಲಂಚ ಕೊಡಬಹುದೇ? ಇವುಗಳಿಗೆ ಇಬ್ಬರ ಉತ್ತರವೂ ಒಂದೇ ಆಗಿರಬೇಕು. ಈ ಪರೀಕ್ಷೆಯಲ್ಲಿ ಅದೇ ಸಭೆಯ ಸದಸ್ಯನೊಬ್ಬ ಸೋಲಬಹುದು, ಅನ್ಯಮತದ ನೆರೆಯವನು ಗೆಲ್ಲಬಹುದು. ಧರ್ಮವೊಂದೇ ಆಗಿದ್ದ ಮಾತ್ರಕ್ಕೆ ನೊಗ ಸಮವಾಗುವುದಿಲ್ಲ.

ಎರಡನೆಯ ಎಚ್ಚರಿಕೆಯನ್ನು ಉಲ್ಲೇಖಿಸುವವರು ವಿರಳ. ಪರರ ಸಾಲಕ್ಕೆ ಹೊಣೆ ನಿಲ್ಲುವ ಅಪಾಯವನ್ನು ಜ್ಞಾನೋಕ್ತಿಗಳ ಗ್ರಂಥ ಮತ್ತೆ ಮತ್ತೆ ಎತ್ತಿ ಹೇಳುತ್ತದೆ. ಪಾಲುದಾರಿಕೆಯ ಸ್ವರೂಪವನ್ನು ಆರಿಸುವವರಿಗೆ ಹೆಚ್ಚು ಪ್ರಸ್ತುತವಾದದ್ದು ಇದೇ.

ಸಾಮಾನ್ಯ ಪಾಲುದಾರಿಕೆಯ ಸ್ವರೂಪ

1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಪ್ರತಿಯೊಬ್ಬ ಪಾಲುದಾರನೂ ಫರ್ಮಿನ ವ್ಯವಹಾರದ ಮಟ್ಟಿಗೆ ಫರ್ಮಿನ ಏಜೆಂಟ್. 25ನೆಯ ಕಲಮಿನ ಮೇರೆಗೆ ಫರ್ಮಿನ ಸಾಲಕ್ಕೆ ಎಲ್ಲರೂ ಒಟ್ಟಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು. ದೊಡ್ಡಬಳ್ಳಾಪುರದ ಒಂದು ಮಗ್ಗದ ಘಟಕವನ್ನು ಊಹಿಸಿಕೊಳ್ಳಬಹುದು. ಭಾವ, ಮೈದುನ ಇಬ್ಬರೂ ಸಮಪಾಲುದಾರರು. ಭಾವನಿಗೆ ತಿಳಿಸದೆ ಮೈದುನನು ಫರ್ಮಿನ ಹೆಸರಿನಲ್ಲಿ 20 ಲಕ್ಷ ರೂಪಾಯಿಯ ನೂಲನ್ನು ಸಾಲಕ್ಕೆ ತರುತ್ತಾನೆ. ಸೀರೆ ಮಾರಾಟವಾಗದೆ ಉಳಿಯುತ್ತದೆ. ನೂಲಿನ ವ್ಯಾಪಾರಿ ಪೂರ್ತಿ ಮೊತ್ತವನ್ನು ಭಾವನೊಬ್ಬನಿಂದಲೇ ವಸೂಲು ಮಾಡಲು ಕಾನೂನು ಅಡ್ಡಿಯಾಗುವುದಿಲ್ಲ. ಫರ್ಮಿನ ಆಸ್ತಿ ಸಾಲದಿದ್ದರೆ ಅವನ ಮನೆಯೂ ವಸೂಲಿಗೆ ಒಳಪಡುತ್ತದೆ. ಜ್ಞಾನೋಕ್ತಿಗಳು ಎಚ್ಚರಿಸಿದ ಹೊಣೆಗಾರಿಕೆ ಇದಲ್ಲದೆ ಬೇರೆಯಲ್ಲ. ಇದನ್ನು ಅರಿತು, ಮನೆಯವರಿಗೂ ತಿಳಿಸಿ ಒಪ್ಪಿದರೆ ಸರಿ. ಅರಿಯದೆ ಒಪ್ಪುವುದು ವಿಶ್ವಾಸದ ಲಕ್ಷಣವಲ್ಲ, ಅಜಾಗರೂಕತೆಯ ಲಕ್ಷಣ.

ಕ್ರೈಸ್ತ ಕುಟುಂಬಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಹಿಂದೂ ಅವಿಭಕ್ತ ಕುಟುಂಬವೆಂಬ ವ್ಯವಹಾರ ಸ್ವರೂಪ ಅವರಿಗೆ ಲಭ್ಯವಿಲ್ಲ. ತಂದೆಯ ಉದ್ಯಮದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವುದಿಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ವಿಧವೆಗೆ ಮೂರನೆಯ ಒಂದು ಪಾಲು, ಉಳಿದ ಮೂರನೆಯ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಆದರೆ ಈ ವಾರಸುದಾರರು ತಾವಾಗಿಯೇ ಪಾಲುದಾರರಾಗುವುದಿಲ್ಲ. ಪತ್ರದಲ್ಲಿ ಬೇರೆ ಕರಾರಿಲ್ಲದಿದ್ದರೆ ಪಾಲುದಾರನ ಮರಣದೊಡನೆ ಫರ್ಮು ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದಲ್ಲಿ ಕರಾರಿದ್ದರೂ ಫರ್ಮು ಮುಂದುವರಿಯದೆಂದು ಸರ್ವೋಚ್ಚ ನ್ಯಾಯಾಲಯವು 1965ರಲ್ಲಿ ಸ್ಪಷ್ಟಪಡಿಸಿದೆ. ಮಗ್ಗ ಓಡುತ್ತಿರುವಾಗಲೇ ಲೆಕ್ಕ ಮುಗಿಸಿ ವಿಧವೆಯ ಪಾಲನ್ನು ಕೊಡಬೇಕಾದ ಪ್ರಸಂಗ ಬಂದರೆ ಎಷ್ಟು ಸಣ್ಣ ಉದ್ಯಮಗಳು ತಾಳಿಕೊಂಡಾವು? ವಿಧವೆಯರ ಹಾಗೂ ಅನಾಥರ ಹಕ್ಕನ್ನು ಕಾಯಬೇಕೆಂಬ ಆಜ್ಞೆಯನ್ನು ಆರಾಧನೆಯಲ್ಲಿ ಕೇಳುವವರು ಅದಕ್ಕೆ ತಕ್ಕ ಏರ್ಪಾಡನ್ನು ಪಾಲುದಾರಿಕೆ ಪತ್ರದಲ್ಲಿಯೂ ಉಯಿಲಿನಲ್ಲಿಯೂ ಬರೆದಿಡುವುದು ಕರ್ತವ್ಯ.

ಸೀಮಿತ ಹೊಣೆ ಅಧರ್ಮವೇ?

2008ರ ಕಾಯಿದೆಯ ಮೂಲಕ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಭಾರತಕ್ಕೆ ಬಂದಿತು. ಇಲ್ಲಿ ಸಂಸ್ಥೆಗೆ ಪ್ರತ್ಯೇಕ ಕಾನೂನು ವ್ಯಕ್ತಿತ್ವವಿದೆ. ಒಬ್ಬ ಪಾಲುದಾರನ ತಪ್ಪಿಗೆ ಇನ್ನೊಬ್ಬನ ಮನೆ ಹೋಗುವುದಿಲ್ಲ. ಪಾಲುದಾರನ ಮರಣದಿಂದ ಸಂಸ್ಥೆ ತಾನಾಗಿ ಅಳಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ ವರ್ಷಂಪ್ರತಿ ಫಾರಂ 8 ಮತ್ತು ಫಾರಂ 11 ಸಲ್ಲಿಸಬೇಕು. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ರೂಪಾಯಿ ಮೀರಿದರೆ ಲೆಕ್ಕಪರಿಶೋಧನೆ ಕಡ್ಡಾಯ.

ಮಾಡಿದ ಸಾಲವನ್ನು ಪೂರ್ತಿ ತೀರಿಸಬೇಕಾದ ಕ್ರೈಸ್ತನು ಹೊಣೆಗೆ ಮೊದಲೇ ಮಿತಿ ಹಾಕಿಕೊಳ್ಳುವುದು ಸರಿಯೇ ಎಂಬ ಆಕ್ಷೇಪವಿದೆ. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದು ಎರಡು ಬೇರೆ ಸಂಗತಿಗಳನ್ನು ಬೆರೆಸುತ್ತದೆ. ಪಾಲುದಾರನ ಅವಿವೇಕದಿಂದ ತನ್ನ ಕುಟುಂಬವನ್ನು ರಕ್ಷಿಸಿಕೊಳ್ಳುವುದು ಒಂದು. ತನ್ನ ಸಾಲದಿಂದ ತಾನು ತಪ್ಪಿಸಿಕೊಳ್ಳುವುದು ಇನ್ನೊಂದು. ಎಲ್‌ಎಲ್‌ಪಿ ಮೊದಲನೆಯದಕ್ಕೆ ಸಾಧನ. ಎರಡನೆಯದಕ್ಕೆ ಬಳಸಿದವನನ್ನು ಕಾನೂನು ಎಲ್ಲ ಸಂದರ್ಭದಲ್ಲಿಯೂ ಹಿಡಿಯಲಾರದು, ಮನಸ್ಸಾಕ್ಷಿ ಹಿಡಿಯಬೇಕು. ವಂಚನೆಯ ಉದ್ದೇಶ ರುಜುವಾತಾದರೆ ಅದರಲ್ಲಿ ಭಾಗಿಯಾದವರಿಗೆ ಮಿತಿಯ ರಕ್ಷಣೆ ಕಾನೂನಿನಲ್ಲಿಯೂ ಇಲ್ಲ. ಸಂಸ್ಥೆ ಮುಳುಗಿದಾಗ ಅಡಮಾನ ಪಡೆದ ಬ್ಯಾಂಕಿಗಿಂತ ಮೊದಲು ಕಷ್ಟಕ್ಕೀಡಾಗುವವರು ನೂಲು ಕೊಟ್ಟ ಸಣ್ಣ ವ್ಯಾಪಾರಿ, ಬಣ್ಣ ಹಾಕಿದವನು, ಮಗ್ಗದ ಕೂಲಿಯವನು. ಇವರ ಬಾಕಿಯನ್ನು ಸ್ವಂತ ಹಣದಿಂದಲಾದರೂ ತೀರಿಸುವ ಸಂಕಲ್ಪವಿರುವವನಿಗೆ ಎಲ್‌ಎಲ್‌ಪಿ ನಿಷಿದ್ಧವಲ್ಲ.

ಬ್ಯಾಂಕು ಸಾಲ ಕೊಡುವಾಗ ಪಾಲುದಾರರ ವೈಯಕ್ತಿಕ ಜಾಮೀನು ಕೇಳುವುದು ಸಾಮಾನ್ಯ. ಅದಕ್ಕೆ ಸಹಿ ಹಾಕಿದೊಡನೆ ಆ ಸಾಲದ ಮಟ್ಟಿಗೆ ಹೊಣೆಯ ಎಲ್ಲೆ ಅಳಿಸಿಹೋಗುತ್ತದೆ. ಅಂತೆಯೇ ಹಳೆಯ ಫರ್ಮನ್ನು ಎಲ್‌ಎಲ್‌ಪಿಯಾಗಿ ಪರಿವರ್ತಿಸಿದರೂ ಹಿಂದಿನ ಸಾಲಗಳ ಹೊಣೆ ಪಾಲುದಾರರ ಮೇಲೆ ವೈಯಕ್ತಿಕವಾಗಿ ಉಳಿಯುತ್ತದೆ.

ಮಂಗಳೂರಿನ ನಿದರ್ಶನ

ಕರ್ನಾಟಕದ ಕ್ರೈಸ್ತ ಉದ್ಯಮದ ಇತಿಹಾಸದಲ್ಲಿ ಸ್ವರೂಪದ ಆಯ್ಕೆಗೆ ಹಳೆಯ ನಿದರ್ಶನವೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮತಾಂತರದಿಂದ ಕಸುಬು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಲು ನೇಯ್ಗೆಯನ್ನು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ವ್ಯಾಪಾರದ ವ್ಯವಹಾರಕ್ಕಾಗಿ 1859ರಲ್ಲಿಯೇ ಬಾಸೆಲ್ ನಗರದಲ್ಲಿ ಪ್ರತ್ಯೇಕ ಷೇರು ಕಂಪನಿಯೊಂದು ಸ್ಥಾಪನೆಯಾಗಿತ್ತು. ಷೇರುದಾರರ ಲಾಭಾಂಶಕ್ಕೆ ಮಿತಿಯಿಟ್ಟು ಮಿಗುತಾಯವನ್ನು ಮಿಷನ್ ಕಾರ್ಯಕ್ಕೆ ಒದಗಿಸುವುದು ಅದರ ಉದ್ದೇಶವಾಗಿತ್ತು. ದೈವಭಕ್ತರಾದ ಆ ಜನ ವ್ಯಾಪಾರದ ನಷ್ಟ ಸಭೆಯ ಹುಂಡಿಯನ್ನು ಮುಟ್ಟಬಾರದೆಂದು ಎರಡಕ್ಕೂ ನಡುವೆ ಕಾನೂನಿನ ಗೋಡೆ ಕಟ್ಟಿದರು. ಹೊಣೆಗೆ ಎಲ್ಲೆ ಹಾಕಿಕೊಳ್ಳುವುದನ್ನು ಅವರು ಅವಿಶ್ವಾಸವೆಂದು ಎಣಿಸಲಿಲ್ಲ. ಲಾಭಕ್ಕೂ ಎಲ್ಲೆ ಹಾಕಿಕೊಂಡರೆಂಬುದು ಅಷ್ಟೇ ಮುಖ್ಯ.

ಬರೆದಿಡುವುದು ಅಪನಂಬಿಕೆಯಲ್ಲ

ನಂಬಿಕೆಯುಳ್ಳವರ ನಡುವೆ ಕಾಗದಪತ್ರವೇಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಪ್ರವಾದಿ ಯೆರೆಮೀಯನು ಸ್ವಂತ ಚಿಕ್ಕಪ್ಪನ ಮಗನಿಂದ ಹೊಲ ಕೊಂಡಾಗಲೂ ಬೆಳ್ಳಿಯನ್ನು ತೂಗಿ, ಪತ್ರ ಬರೆಸಿ, ಮುದ್ರೆ ಹಾಕಿ, ಸಾಕ್ಷಿಗಳ ಸಹಿ ಪಡೆದನು. ತಾಯಿ ಮಕ್ಕಳಾದರೂ ಬಾಯಿ ಹೊಟ್ಟೆ ಬೇರೆ ಎಂಬ ಗಾದೆಯ ಆಶಯವೂ ಇದೇ. ಪತ್ರದಲ್ಲಿ ಏನೂ ಹೇಳದಿದ್ದರೆ ಕಾನೂನು ಎಲ್ಲರಿಗೂ ಸಮಪಾಲು ಎಂದೇ ಭಾವಿಸುತ್ತದೆ. ಹಗಲಿರುಳು ದುಡಿದವನಿಗೂ ಹೆಸರಿಗಷ್ಟೇ ಇದ್ದವನಿಗೂ ಒಂದೇ ಲೆಕ್ಕ. ನೋಂದಣಿಯಾಗದ ಫರ್ಮು ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಬಂಡವಾಳ, ದುಡಿಮೆಯ ಸಂಬಳ, ಸಾಲ ಮಾಡುವ ಮಿತಿ, ನಿವೃತ್ತಿ, ಮರಣ, ಮಧ್ಯಸ್ಥಿಕೆ, ಲಾಭದಲ್ಲಿ ದಾನಕ್ಕೆ ಮೀಸಲಿಡುವ ಭಾಗ ಇವಿಷ್ಟನ್ನಾದರೂ ಬರೆದಿಡಬೇಕು.

ಸಾರಾಂಶವಿಷ್ಟೆ. ಸಾಲ ಕಡಿಮೆಯಿದ್ದು, ಪಾಲುದಾರರು ಪರಸ್ಪರರ ಲೆಕ್ಕವನ್ನು ದಿನವೂ ನೋಡುವಂತಿದ್ದರೆ ನೋಂದಾಯಿತ ಪಾಲುದಾರಿಕೆ ಸಾಕು. ಸಾಲದ ಮೇಲೆ ಸರಕು ತರುವ, ಒಬ್ಬನ ಕೆಲಸ ಇನ್ನೊಬ್ಬನ ಕಣ್ಣಿಗೆ ಬೀಳದ ಉದ್ಯಮಕ್ಕೆ ಎಲ್‌ಎಲ್‌ಪಿಯೇ ವಿವೇಕದ ಮಾರ್ಗ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ್ದಾನೆ. ಆ ಲೆಕ್ಕದಲ್ಲಿ ಕಟ್ಟುವವನ ಹಣದ ಜೊತೆಗೆ, ಕಟ್ಟಡ ಕುಸಿದರೆ ಯಾರ ಮನೆ ಬೀಳುತ್ತದೆಂಬುದೂ ಸೇರಿರಬೇಕು.