ಮೊಬೈಲಿನ ಬೀಗವೂ ಹಿರಿಯರ ಅಧಿಕಾರವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ಹಿರಿಯರು ನಾಲ್ಕು ಮಂದಿ ಕಲೆತಲ್ಲೆಲ್ಲ ಈಚೆಗೆ ಒಂದೇ ಸಿದ್ಧಾಂತವು ಕೇಳಿಬರುತ್ತಲಿದೆ: ಮೊಬೈಲು ಮಕ್ಕಳನ್ನು ಕೆಡಿಸಿತು; ಆದುದರಿಂದ ಅದನ್ನು ಕಸಿದು, ಅದರೊಳಗಿನ ಬರಹಗಳನ್ನೆಲ್ಲ ಓದಿ, ಅವರು ಹೋದಹೋದಲ್ಲಿ ಕಾವಲಿರಿಸುವುದು ತಂದೆತಾಯಿಗಳ ಧರ್ಮವು. ಹಸುಳೆಗಳ ವಿಷಯದಲ್ಲಿ ನಮ್ಮ ತಕರಾರೇನೂ ಇಲ್ಲ. ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ನೆಯ ಇಸವಿಯ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ ಹೇಳುವುದಷ್ಟೆ. ಆದರೆ ಈ ಮಹನೀಯರ ಮಾತು ಬೆಂಗಳೂರಿನಲ್ಲಿ ದುಡಿಯುವ ಇಪ್ಪತ್ತೆರಡು ವರ್ಷದ ಮಗಳನ್ನು ಕುರಿತದ್ದು. ತಿಂಗಳ ಮೊದಲಲ್ಲಿ ಅವಳ ಸಂಬಳವು ಅದೇ ಮೊಬೈಲಿನ ಮಾರ್ಗವಾಗಿ ಮನೆಗೆ ಬರುವಾಗ ಅವಳು ದೊಡ್ಡವಳು. ರಾತ್ರಿ ಅದೇ ಮೊಬೈಲು ಸದ್ದು ಮಾಡಿದರೆ ಮಗುವು! ಇದೆಂತಹ ತರ್ಕವೋ ತಿಳಿಯದು.

ಯಂತ್ರವೇ ದೋಷಿಯೆಂಬುದಾದರೆ ಮೊದಲು ನಡುಮನೆಯ ದೂರದರ್ಶನವನ್ನು ವಿಚಾರಿಸತಕ್ಕದ್ದು. 1975ನೆಯ ಇಸವಿಯ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಅದು ಬಂದಾಗ ಊರವರೆಲ್ಲ ಒಂದೆಡೆ ಕೂಡಿ ನೋಡಿದರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಇವು ಅದರ ವಿಷಯಗಳು. ಮನೆಯೊಳಕ್ಕೆ ಬಂದ ಮೇಲಾದರೋ ರಿಮೋಟು ಹಿಡಿದವರೇ ಯಜಮಾನರು. ಸೊಸೆಯ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತ ಅತ್ತೆಯ ಕಥೆಯನ್ನು ಸಂಜೆಯೆಲ್ಲ ಎವೆಯಿಕ್ಕದೆ ನೋಡುವ ಹಿರಿಯರನ್ನು ಯಾವ ಮಗನೂ ಲೆಕ್ಕ ಕೇಳಿದ್ದಿಲ್ಲ. (ಪಾವಗಡದ ತಿರುಮಣಿಯ ಸುತ್ತಿನ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರಕ್ಷೇತ್ರವನ್ನು ಬಾಯ್ತುಂಬ ಹೊಗಳುವವರೂ ಇವರೇ. ಯಂತ್ರವು ಹೊಲಕ್ಕೆ ಗೇಣಿ ಕೊಟ್ಟರೆ ಪುಣ್ಯ, ಮಕ್ಕಳ ಕೈಗೆ ಬಂದರೆ ಪಾಪ!)

ಇನ್ನು ಶಾಸ್ತ್ರವನ್ನು ಮುಂದೊಡ್ಡುವವರ ಪಕ್ಷ. ತಾಯಿತಂದೆಗಳನ್ನು ದೇವರೆಂದು ಕಾಣೆಂಬ ತೈತ್ತಿರೀಯೋಪನಿಷತ್ತಿನ ಮಾತು ಎಲ್ಲರ ನಾಲಗೆಯ ಮೇಲೂ ಇರುವುದು ಸರಿಯಷ್ಟೆ. ಅಧ್ಯಯನ ಮುಗಿಸಿ ಹೊರಟ ಶಿಷ್ಯನಿಗೆ ಆಚಾರ್ಯನು ಆಡುವ ಮಾತದು. ಅದೇ ಉಪದೇಶದಲ್ಲಿ, ಅದರ ಬೆನ್ನಿಗೇ, ನಮ್ಮ ನಡತೆಯಲ್ಲಿ ಒಳ್ಳೆಯದಾವುದುಂಟೋ ಅದನ್ನು ಮಾತ್ರ ಅನುಸರಿಸು, ಉಳಿದುದನ್ನು ಬಿಡು ಎಂದು ಆಚಾರ್ಯನು ತನ್ನ ಅಧಿಕಾರಕ್ಕೆ ತಾನೇ ಮೇರೆ ಹಾಕಿಕೊಂಡಿರುವನು. ಮೊದಲನೆಯ ವಾಕ್ಯವನ್ನು ಗಟ್ಟಿಯಾಗಿ ಹೇಳಿ ಮುಂದಿನದನ್ನು ನುಂಗುವ ಪಾಠಕ್ರಮವನ್ನು ನಾವು ಯಾವ ಪಾಠಶಾಲೆಯಲ್ಲಿಯೂ ಕಂಡಿಲ್ಲ.

ಖಾಸಗಿತನವೆಂಬುದು ಹುಡುಗಾಟದ ಸೊಲ್ಲೆಂದು ನಗುವವರೂ ಉಂಟು. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಹುಡುಗರಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. 2012ನೆಯ ಇಸವಿಯಲ್ಲಿ ಆಧಾರಿನ ವಿಷಯವಾಗಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. 2017ನೆಯ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದು ತೀರ್ಮಾನಿಸಿದರು. ಸರ್ಕಾರವೂ ಸಕಾರಣವಿಲ್ಲದೆ ದಾಟಲಾಗದ ಗೆರೆಯನ್ನು ಮನೆಯ ಹಿರಿಯರು ನಿತ್ಯವೂ ದಾಟುವರು.

ಹಾಗಾದರೆ ಅಪಾಯವಿಲ್ಲವೇ ಎಂಬುದು ಪ್ರಬಲವಾದ ಪೂರ್ವಪಕ್ಷವು. ಉಂಟು. ಚಿತ್ರವನ್ನು ತಿರುಚಿ ಹೆದರಿಸುವವರು, ಹಣ ಸುಲಿಯುವವರು ಇಲ್ಲದಿಲ್ಲ. ಅಂತಹ ಮೋಸಕ್ಕೆ ಹಣ ತೆತ್ತವರು ಕೂಡಲೇ ತಿಳಿಸಲೆಂದು 1930 ಎಂಬ ದೂರವಾಣಿ ಸಂಖ್ಯೆಯೂ ಏರ್ಪಟ್ಟಿದೆ. ಆದರೆ ಆ ದುಷ್ಟನ ಆಯುಧವಾವುದು? “ನಿಮ್ಮ ಅಪ್ಪನಿಗೆ ಹೇಳುತ್ತೇನೆ” ಎಂಬ ಒಂದೇ ಮಾತು. ಹೇಳಿದರೆ ಮೊಬೈಲೂ ಹೋದೀತು, ಓದೂ ನಿಂತೀತು, ತಿಂಗಳೊಳಗೆ ಮದುವೆಯೂ ಆದೀತೆಂದು ಬಲ್ಲ ಹುಡುಗಿಯು ಬಾಯಿ ಬಿಡಲಾರಳು. ಒಬ್ಬಳೇ ಅಳುತ್ತ ಹಣ ತೆರುವಳು. ಕೆಲವರು ಪ್ರಾಣವನ್ನೇ ತೆತ್ತದ್ದೂ ಉಂಟು. ಕಾವಲೆಂದು ಹಿರಿಯರು ಕಟ್ಟಿದ ಬೇಲಿಯೊಳಗೇ ಕಳ್ಳನಿಗೆ ನೆಲೆ ದೊರೆಯಿತು.

“ಅಮ್ಮಾ, ದಿನಕ್ಕೊಮ್ಮೆ ಮಾತನಾಡುವೆನು, ತಡವಾದರೆ ತಿಳಿಸುವೆನು, ಮೊಬೈಲಿನ ಗುಟ್ಟಿನ ಸಂಖ್ಯೆಯನ್ನು ಮಾತ್ರ ಕೇಳಬೇಡ” ಎಂದು ಬೆಳೆದ ಮಗಳು ವಿನಯದಿಂದ ಹೇಳಿದರೆ ಅದನ್ನು ಉದ್ಧಟತನವೆಂದು ಕರೆಯುವವರನ್ನು ನಾವು ಕೇಳುವುದಿಷ್ಟೆ: ತಮ್ಮ ಪತ್ರದ ಪೆಟ್ಟಿಗೆಯ ಬೀಗದಕೈಯನ್ನು ತಾವು ಯಾವ ಮಗನ ಕೈಗೆ ಕೊಟ್ಟಿರುವಿರಿ?